ಬಿಚ್ಚಬೇಡಿ, ಸ್ವಲ್ಪ ತಡೀರಿ

ಆಯುಧಪೂಜೆ ಮುಗಿದ ಮರುವಾರ ನನ್ನ ಫೋನಿಗೆ ಪುರುಸೊತ್ತಿರುವುದಿಲ್ಲ. ಪೂಜೆಗೆಂದು ಕಾರ್ಖಾನೆ ನಿಲ್ಲಿಸಿರುತ್ತಾರೆ. ಹೇಗೂ ನಿಂತಿದೆಯಲ್ಲ, ಎಲ್ಲವನ್ನೂ ಒಂದು ಸಲ ಬಿಚ್ಚಿ ನೋಡಿಬಿಡೋಣ ಎಂದು ಮೇಂಟೆನೆನ್ಸಿನವರಿಗೆ ಅನ್ನಿಸುತ್ತದೆ. ಮೋಟಾರಿನ ಮೇಲೆ ಪೈಪಿನಲ್ಲಿ ನೀರು ಬಿಟ್ಟು ತೊಳೆಯುತ್ತಾರೆ. ಗ್ರೀಸ್ ಗನ್ ಹಿಡಿದು ಬೇರಿಂಗಿನಿಂದ ಹೊರಗೆ ಉಕ್ಕುವ ತನಕ ಗ್ರೀಸು ತುಂಬುತ್ತಾರೆ. ಕಪ್ಲಿಂಗ್ ಬಿಚ್ಚಿ ರಬ್ಬರ್ ಬದಲಿಸುತ್ತಾರೆ. ಬಣ್ಣ ಬಳಿದು, ಅರಿಸಿನ ಕುಂಕುಮ ಇಟ್ಟು, ಬೂದುಗುಂಬಳಕಾಯಿ ಒಡೆಯುತ್ತಾರೆ. ಹಬ್ಬ ಕಳೆದು ಸ್ವಿಚ್ ಹಾಕಿದರೆ, ಹಿಂದಿನ ದಿನದವರೆಗೂ ಸದ್ದಿಲ್ಲದೆ ಓಡುತ್ತಿದ್ದ ಮೆಷಿನ್ ಗೊರಗುಟ್ಟಲು ಶುರು. ‘ಸಾರ್, ಈಗಷ್ಟೇ ಪೂರ್ತಿ ಸರ್ವಿಸ್ ಮಾಡಿಸಿದ್ವಿ, ಆದ್ರೂ ಸೌಂಡು. ಒಂದ್ಸಲ ಬಂದು ರೀಡಿಂಗ್ ತಗೊಳ್ಳಿ’ ಎನ್ನುತ್ತಾರೆ. ‘ಆದ್ರೂ’ ಎನ್ನುವ ಕಡೆ ‘ಅದಕ್ಕೇ’ ಅನ್ನಬೇಕಿತ್ತು ಎಂದು ಮನಸ್ಸಿನಲ್ಲೇ ಅಂದುಕೊಂಡು ಬ್ಯಾಗು ಹೆಗಲಿಗೇರಿಸುತ್ತೇನೆ.

ದೇವರದೇನೂ ತಪ್ಪಿಲ್ಲ. ಬೇರಿಂಗಿನ ಒಳಗಿನ ಖಾಲಿ ಜಾಗದಲ್ಲಿ ಮೂರನೇ ಒಂದು ಭಾಗ, ಹೆಚ್ಚೆಂದರೆ ಅರ್ಧ, ಗ್ರೀಸು ಇದ್ದರೆ ಸಾಕು. ಪೂರ್ತಿ ತುಂಬಿದರೆ ಗುಂಡುಗಳು ಓಡುವುದಕ್ಕಿಂತ ಹೆಚ್ಚಾಗಿ ಗ್ರೀಸನ್ನು ಕಡೆಯುತ್ತವೆ. ಬೇರಿಂಗ್ ಬಿಸಿಯಾಗುತ್ತದೆ, ಗ್ರೀಸಿನಲ್ಲಿರುವ ಎಣ್ಣೆ ಬೇರ್ಪಟ್ಟು ಸೋರಿಹೋಗುತ್ತದೆ. ತೊಳೆದ ನೀರು ಸೀಲಿನ ಸಂದಿಯಲ್ಲಿ ಇಳಿದು ತುಕ್ಕು ಹಿಡಿಸುತ್ತದೆ. ಕಪ್ಲಿಂಗ್ ಮತ್ತೆ ಕೂಡಿಸುವಾಗ ಮೋಟಾರಿನ ಶಾಫ್ಟೂ ಪಂಪಿನ ಶಾಫ್ಟೂ ಒಂದೇ ಗೆರೆಗೆ ಬಂದಿವೆಯೇ ಎಂದು ಡಯಲ್ ಗೇಜ್ ಇಟ್ಟು ನೋಡಿರುವುದಿಲ್ಲ. ಸ್ಟೀಲ್ ಸ್ಕೇಲ್ ಅಡ್ಡ ಹಿಡಿದು, ಕಣ್ಣಳತೆಯಲ್ಲಿ ‘ಸರಿ ಇದೆ’ ಅಂದಿರುತ್ತಾರೆ.

ನಾನು ಮೆಷಿನ್‌ಗಳ ವೈಬ್ರೇಶನ್ ಅಳೆದು ಹೊಟ್ಟೆ ಹೊರೆಯುವವನು. ರಿಚರ್ಡ್ಸ್ ಟೌನಿನಲ್ಲಿ ಪಾರ್ಕಿನ ಹಿಂದಿನ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಮನೆ. ಕೆಲಸ ಪೀಣ್ಯ, ವೈಟ್‌ಫೀಲ್ಡ್, ಬಿಡದಿ, ಹೊಸಕೋಟೆ ಎಂದು ಊರಿನ ನಾಲ್ಕೂ ಅಂಚಿನಲ್ಲಿ. ನನ್ನ ಕೆಲಸ ಏನೆಂದು ಅಕ್ಕಪಕ್ಕದವರಿಗೆ ಬಹಳ ಕಾಲ ಗೊತ್ತಿರಲಿಲ್ಲ. ಕಂಟೋನ್ಮೆಂಟ್, ಪಾಟರಿ ಟೌನ್, ಟ್ಯಾನರಿ ರಸ್ತೆಯ ಅಡಿಯಲ್ಲಿ ನಮ್ಮ ಮೆಟ್ರೋದ ಗುಲಾಬಿ ಮಾರ್ಗದ ಸುರಂಗ ಕೊರೆಯಲು ಶುರು ಮಾಡಿದಾಗ ಒಬ್ಬೊಬ್ಬರೇ ಬಂದು, ‘ಅಂಕಲ್, ನಮ್ಮ ಗೋಡೆಗೇನಾದರೂ ಆಗುತ್ತಾ?’ ಎಂದು ಕೇಳಿದರು. ಕಂಟೋನ್ಮೆಂಟಿನಿಂದ ಹೊರಟ ‘ಊರ್ಜಾ’ ಯಂತ್ರ 2021ರ ಸೆಪ್ಟೆಂಬರ್ 22ರಂದು ಶಿವಾಜಿನಗರದಲ್ಲಿ ನೆಲ ಸೀಳಿ ಹೊರಬಂದ ಹೊತ್ತಿಗೆ ನಮ್ಮ ಬೀದಿಯಲ್ಲಿ ನಾನು ಭೂಕಂಪದ ತಜ್ಞ ಆಗಿಬಿಟ್ಟಿದ್ದೆ. ಕಟ್ಟಡದ ನಡುಕವನ್ನೂ ಮೋಟಾರಿನ ನಡುಕವನ್ನೂ ಅಳೆಯುವ ಮಾನ ಒಂದೇ, ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಎಂದು. ಅಷ್ಟರ ಮಟ್ಟಿಗೆ ಅವರು ಕೇಳಿದ್ದು ಸರಿಯಾದವನನ್ನೇ.

ವೈಬ್ರೇಶನ್ ಅಳೆಯುವುದು ಯಾವ ಮೆಷಿನ್ ಕೆಟ್ಟಿದೆ ಎಂದು ಹಿಡಿಯಲಿಕ್ಕೆ ಎಂದು ಎಲ್ಲರೂ ತಿಳಿದಿರುತ್ತಾರೆ. ಅದೂ ಹೌದು. ಆದರೆ ಇಷ್ಟು ವರ್ಷದ ಮೇಲೆ ನನಗನ್ನಿಸುವುದು, ಯಾವ ಮೆಷಿನ್ನಿಗೆ ಕೈ ಹಚ್ಚಬಾರದು ಎಂದು ಹೇಳುವುದೇ ಇದರ ದೊಡ್ಡ ಉಪಯೋಗ. ಒಂದು ಕಾರ್ಖಾನೆಯಲ್ಲಿ ನೂರು ಮೋಟಾರುಗಳಿದ್ದರೆ ತೊಂಬತ್ತಕ್ಕೂ ಹೆಚ್ಚು ಮೋಟಾರುಗಳ ಬಗ್ಗೆ ನಾನು ಬರೆಯುವುದು ಒಂದೇ ಮಾತು: ಸರಿ ಇದೆ, ಬಿಚ್ಚಬೇಡಿ. ಈ ಮಾತಿಗೆ ದುಡ್ಡು ಕೊಡಲು ಮಾಲೀಕರಿಗೆ ಕಷ್ಟ ಆಗುತ್ತದೆ, ಅದು ಬೇರೆ.

ಬಿಚ್ಚುವುದರಿಂದಲೇ ಕೆಡುತ್ತದೆ ಎನ್ನುವುದು ನನ್ನ ಸಿದ್ಧಾಂತವಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಕೋಸ್ಟಲ್ ಕಮಾಂಡಿನವರು ಜರ್ಮನಿಯ ಸಬ್‌ಮರೀನ್ ಹುಡುಕಲು ವಿಮಾನ ಹಾರಿಸುತ್ತಿದ್ದರು. ಯಾವಾಗ ನೋಡಿದರೂ ಅರ್ಧಕ್ಕರ್ಧ ವಿಮಾನಗಳು ಶೆಡ್ಡಿನಲ್ಲಿ. ಲೆಕ್ಕ ನೋಡಲು ಕರೆಸಿಕೊಂಡವರಲ್ಲಿ ಸಿ.ಎಚ್. ವ್ಯಾಡಿಂಗ್ಟನ್ ಎಂಬ ಜೀವವಿಜ್ಞಾನಿ ಇದ್ದರು. ಇಂಜಿನ್ನಿಗೂ ಅವರ ವೃತ್ತಿಗೂ ಸಂಬಂಧವಿಲ್ಲ. ಪ್ರತಿ 50 ಗಂಟೆ ಹಾರಾಟಕ್ಕೊಮ್ಮೆ ವಿಮಾನವನ್ನು ಬಿಚ್ಚಿ ತಪಾಸಣೆ ಮಾಡುವ ನಿಯಮವಿತ್ತು. ರಿಪೇರಿಗೆ ಬಂದ ದಿನಗಳನ್ನು ಸಾಲಾಗಿ ಬರೆದು ನೋಡಿದರೆ, ತಪಾಸಣೆ ಆದ ಕೂಡಲೇ ಕೆಡುವುದು ಹೆಚ್ಚು. ಗಂಟೆಗಳು ಕಳೆದಂತೆ ಕಡಿಮೆ. ಮತ್ತೆ ತಪಾಸಣೆ, ಮತ್ತೆ ಹೆಚ್ಚು. ಸರಿಯಿದ್ದದ್ದನ್ನು ಬಿಚ್ಚಿ ಕೂಡಿಸುವಾಗಲೇ ಎಡವಟ್ಟು ಆಗುತ್ತಿತ್ತು. ತಪಾಸಣೆಗಳ ನಡುವಿನ ಅಂತರ ಹೆಚ್ಚಿಸಿದ ಮೇಲೆ ವಿಮಾನಗಳು ಹಾರಿದ್ದು ಹೆಚ್ಚಾಯಿತು.

ಮುಂದೆ 1978ರಲ್ಲಿ ಅಮೆರಿಕದ ಯುನೈಟೆಡ್ ಏರ್‌ಲೈನ್ಸಿನ ನೌಲನ್ ಮತ್ತು ಹೀಪ್ ಎಂಬಿಬ್ಬರು ಅಲ್ಲಿನ ರಕ್ಷಣಾ ಇಲಾಖೆಗೆ ಒಂದು ದೊಡ್ಡ ವರದಿ ಕೊಟ್ಟರು. ವಿಮಾನದ ಭಾಗಗಳು ವಯಸ್ಸಾದಂತೆ ಸವೆದು ಕೆಡುತ್ತವೆ ಎಂಬ ನಂಬಿಕೆಯನ್ನು ಅವರು ಲೆಕ್ಕಕ್ಕೆ ಹಚ್ಚಿ ನೋಡಿದ್ದರು. ಹಾಗೆ ವಯಸ್ಸಿಗೆ ತಕ್ಕಂತೆ ಕೆಡುವ ಭಾಗಗಳು ಶೇಕಡಾ 11 ಮಾತ್ರ. ಶೇಕಡಾ 68ರಷ್ಟು ಭಾಗಗಳು ಹೊಸದಾಗಿ ಹಾಕಿದ ಆರಂಭದಲ್ಲೇ ಹೆಚ್ಚು ಕೆಡುವಂಥವು. ಆ ಗಂಡ ದಾಟಿದರೆ ಆಮೇಲೆ ಯಾವಾಗ ಬೇಕಾದರೂ ಕೆಡಬಹುದು, ಕೆಡದೆಯೂ ಇರಬಹುದು. ಅಂದಮೇಲೆ ‘ವರ್ಷಕ್ಕೊಮ್ಮೆ ಬೇರಿಂಗ್ ಚೇಂಜ್’ ಎಂಬ ನಿಯಮಕ್ಕೆ ಅರ್ಥವೇನು? ಗಟ್ಟಿಮುಟ್ಟಾಗಿರುವುದನ್ನು ಕಿತ್ತು, ಆರಂಭದ ಅದೇ ಗಂಡಕ್ಕೆ ಮತ್ತೊಂದು ಸಲ ತಲೆ ಕೊಡುವುದು. ಬೇರಿಂಗ್ ಕಂಪನಿಗಳು ಕೊಡುವ ಆಯಸ್ಸಿನ ಲೆಕ್ಕ ಕೂಡ, ನೂರು ಬೇರಿಂಗಿನಲ್ಲಿ ಹತ್ತು ಕೆಡುವ ಹೊತ್ತಿನದು. ಉಳಿದ ತೊಂಬತ್ತು ಇನ್ನೂ ಓಡುತ್ತಿರುತ್ತವೆ, ಅವುಗಳಲ್ಲಿ ಬಹುಪಾಲು ಬಹಳ ಕಾಲ.

ಹಾಗಾದರೆ ಬಿಚ್ಚದೆ ಒಳಗಿನದು ತಿಳಿಯುವುದು ಹೇಗೆ? ಇದನ್ನು ನಮ್ಮಲ್ಲಿಗೆ ಕಲಿಯಲು ಬರುವ ಹುಡುಗರಿಗೆ ನಾನು ಕ್ಲಾಸಿನಲ್ಲಿ ಹೇಳುವುದಿಲ್ಲ, ಬೆಂಗಳೂರು ಈಸ್ಟ್ ಸ್ಟೇಶನ್ನಿಗೆ ಕರೆದುಕೊಂಡು ಹೋಗುತ್ತೇನೆ. ನಮ್ಮ ಮನೆಯಿಂದ ನಡೆದುಕೊಂಡು ಹೋಗುವಷ್ಟೇ ದೂರ. 1864ರಲ್ಲಿ ಜೋಲಾರ್‌ಪೇಟೆಯಿಂದ ಕಂಟೋನ್ಮೆಂಟಿಗೆ ಹಾಕಿದ ಬೆಂಗಳೂರಿನ ಮೊದಲ ರೈಲು ದಾರಿ ಇದು. ದೊಡ್ಡ ರೈಲುಗಳು ಇಲ್ಲಿ ನಿಲ್ಲುವುದಿಲ್ಲ, ದಾಟಿ ಹೋಗುತ್ತವೆ. ನಮಗೆ ಅದೇ ಬೇಕು. ಪ್ಲಾಟ್‌ಫಾರ್ಮಿನಲ್ಲಿ ಕಣ್ಣು ಮುಚ್ಚಿ ನಿಂತರೆ, ಹತ್ತಾರು ಬೋಗಿಗಳು ಸುಂಯ್ ಎಂದು ಹೋಗುವುದರ ಮಧ್ಯೆ ಎಲ್ಲೋ ಒಂದು ಚಕ್ರ ಟಕಟಕಟಕ ಎಂದು ಬಡಿದುಕೊಂಡು ಹೋಗುತ್ತದೆ. ಯಾವತ್ತೋ ಬ್ರೇಕು ಕಚ್ಚಿ ಹಿಡಿದು, ಚಕ್ರ ಉರುಳದೆ ಹಳಿಯ ಮೇಲೆ ಜಾರಿರುತ್ತದೆ. ಜಾರಿದ ಕಡೆ ದುಂಡು ಹೋಗಿ ಚಪ್ಪಟೆಯಾಗಿರುತ್ತದೆ. ಸುತ್ತಿಗೊಂದು ಸಲ ಆ ಚಪ್ಪಟೆ ಜಾಗ ಹಳಿಗೆ ಬಡಿಯುತ್ತದೆ.

ಈಗ ಲೆಕ್ಕ. ಪ್ರಯಾಣಿಕರ ಬೋಗಿಯ ಹೊಸ ಚಕ್ರದ ವ್ಯಾಸ 915 ಮಿಲಿಮೀಟರ್. ಒಂದು ಸುತ್ತಿಗೆ 2.87 ಮೀಟರ್ ಸಾಗುತ್ತದೆ. ರೈಲು ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ಹೋಗುತ್ತಿದ್ದರೆ ಆ ಚಕ್ರ ಸೆಕೆಂಡಿಗೆ ಸುಮಾರು ಮೂರೂವರೆ ಸಲ ಬಡಿಯಲೇಬೇಕು. ರೈಲಿನ ವೇಗ ಗೊತ್ತು, ಬಡಿತ ಎಣಿಸಬಹುದು. ಎಣಿಕೆ ಮೂರೂವರೆಯ ಹತ್ತಿರ ಬಂದರೆ ಕೆಟ್ಟಿರುವುದು ಚಕ್ರ, ಹಳಿಯ ಜಾಯಿಂಟ್ ಅಲ್ಲ. ಚಕ್ರ ಕಣ್ಣಿಗೆ ಕಾಣಬೇಕಿಲ್ಲ, ರೈಲು ನಿಲ್ಲಬೇಕಿಲ್ಲ. ನಮ್ಮ ರೈಲ್ವೆಯವರು ಇದನ್ನೇ ಯಂತ್ರಕ್ಕೆ ಒಪ್ಪಿಸಿದ್ದಾರೆ. ಹಳಿಯ ಪಕ್ಕ ಸೆನ್ಸರ್ ಕೂಡಿಸಿ, ಓಡುವ ಗಾಡಿಯಲ್ಲಿ ಯಾವ ಚಕ್ರ ಎಷ್ಟು ಭಾರವಾಗಿ ಬಡಿಯಿತು ಎಂದು ಪಟ್ಟಿ ಕೊಡುವ ಉಪಕರಣಗಳು ದೇಶದ ಹಲವು ಕಡೆ ಇವೆ. ಐಐಟಿ ಕಾನ್ಪುರದವರ ಜೊತೆ ಸೇರಿ ರೈಲ್ವೆಯ ಸಂಶೋಧನಾ ಸಂಸ್ಥೆ ಇದನ್ನು ರೂಪಿಸಿತು.

ಬೇರಿಂಗಿನ ಒಳಗೂ ನಡೆಯುವುದು ಇದೇ. ಹೊರಗೊಂದು ಉಕ್ಕಿನ ಬಳೆ, ಒಳಗೊಂದು ಬಳೆ, ನಡುವೆ ಗುಂಡುಗಳು. ಹೊರಬಳೆಯಲ್ಲಿ ಸಾಸಿವೆ ಕಾಳಿನಷ್ಟು ಉಕ್ಕು ಎದ್ದುಹೋದರೆ ಪ್ರತಿ ಗುಂಡೂ ಅದರ ಮೇಲೆ ಹಾಯುವಾಗ ಒಂದು ಏಟು ಬೀಳುತ್ತದೆ. ಎಷ್ಟು ಗುಂಡು, ಎಷ್ಟು ದಪ್ಪ, ಶಾಫ್ಟು ಎಷ್ಟು ಸುತ್ತು, ಇಷ್ಟು ಗೊತ್ತಿದ್ದರೆ ಏಟು ಸೆಕೆಂಡಿಗೆ ಎಷ್ಟು ಎಂದು ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು.

ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೆತ್ತುವ ಎರಡು ಪಂಪುಗಳಿವೆ. ನೋಡಿಕೊಳ್ಳುವ ಹುಡುಗ ರಾಯಚೂರು ಕಡೆಯವನು. ಒಂದು ಬೆಳಗ್ಗೆ ಲಿಫ್ಟಿನ ಹತ್ತಿರ ನನ್ನನ್ನು ತಡೆದು, ‘ಸರ್ರ, ಎರಡನೇ ಮೋಟ್ರು ಯಾಕೋ ಬ್ಯಾರೆ ನಮೂನಿ ಒದರಾಕತ್ತದ್ರಿ’ ಎಂದ. ನಾನು ಹೋಗಿ ನಿಂತೆ. ನನ್ನ ಕಿವಿಗೆ ಏನೂ ಕೇಳಲಿಲ್ಲ. ನನಗಿಂತ ಆ ಸದ್ದಿನ ಜೊತೆ ಬಾಳುವವನು ಅವನು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಕವರಿನ ಮೇಲಿಟ್ಟು ಹಿಡಿಕೆಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕೇಳಿದೆ. ಈ ವಿದ್ಯೆ ನನಗೆ ಕಲಿಸಿದ್ದು ಬೈಯಪ್ಪನಹಳ್ಳಿಯ ಎನ್‌ಜಿಇಎಫ್‌ನಲ್ಲಿ ಮೋಟಾರು ಮಾಡಿ ಮಾಡಿ ನುರಿತ ಒಬ್ಬ ಫಿಟ್ಟರ್ ಮೇಸ್ತ್ರಿ. ಕಾರ್ಖಾನೆ ಮುಚ್ಚಿದ ಮೇಲೆ ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ಕೂತಿದ್ದರು. ಎಳನೀರಿನೊಳಗೆ ಕಾಯಿ ಎಷ್ಟಿದೆ ಎಂದು ಹೊರಗಿನಿಂದ ತಟ್ಟಿ ಹೇಳುವವರಂತೆ, ಅವರು ಮೋಟಾರಿಗೆ ಸ್ಕ್ರೂಡ್ರೈವರ್ ಹಚ್ಚಿ ‘ಇನ್ನು ಎರಡು ತಿಂಗಳು’ ಎನ್ನುತ್ತಿದ್ದರು. ಎರಡನೇ ಪಂಪಿನಲ್ಲಿ ತೀರ ಸಣ್ಣಗೆ ಜಿರ್ ಎನ್ನುತ್ತಿತ್ತು.

ಮೀಟರ್ ತಂದು ನೋಡಿದೆ. ಮೋಟಾರು 3 ಎಚ್.ಪಿ., ನಿಮಿಷಕ್ಕೆ 2850 ಸುತ್ತು, ಅಂದರೆ ಸೆಕೆಂಡಿಗೆ 47.5. ಒಟ್ಟು ವೈಬ್ರೇಶನ್ ಸೆಕೆಂಡಿಗೆ 1.6 ಮಿಲಿಮೀಟರ್. ಇಷ್ಟು ಸಣ್ಣ ಮೋಟಾರಿಗೆ 0.71ರ ಒಳಗಿದ್ದರೆ ಹೊಸದರಂತೆ, 1.8ರ ತನಕ ಚಿಂತೆಯಿಲ್ಲ, 4.5 ದಾಟಿದರೆ ನಿಲ್ಲಿಸಿ ಎಂಬುದು 1974ರ ಐಎಸ್‌ಒ ಪಟ್ಟಿ. ಆಮೇಲೆ ಪಟ್ಟಿಯ ನಂಬರು ಎರಡು ಸಲ ಬದಲಾದರೂ ನಾವು ಗೋಡೆಗೆ ಅಂಟಿಸಿಕೊಂಡಿರುವುದು ಆ ಅಂಕಿಗಳನ್ನೇ. ಹಾಗಾಗಿ ಒಟ್ಟು ಅಂಕಿ ಮಾತ್ರ ನೋಡುವವನು ‘ಓಕೆ’ ಎಂದು ಬರೆದು ಹೊರಟುಹೋಗುತ್ತಿದ್ದ. ಒಟ್ಟು ಅಂಕಿಯನ್ನು, ಸೆಕೆಂಡಿಗೆ ಎಷ್ಟು ಸಲದ ಅಲುಗಾಟ ಎಷ್ಟಿದೆ ಎಂದು ಗೆರೆಗೆರೆಯಾಗಿ ಬಿಡಿಸಿ ನೋಡಿದಾಗ 47.5ರಲ್ಲಿ ಒಂದು ಗೆರೆ ಇತ್ತು, ಅದು ಶಾಫ್ಟಿನದು, ಇದ್ದೇ ಇರುತ್ತದೆ. 170ರಲ್ಲಿ ಇನ್ನೊಂದು ಗೆರೆ, ಅದರ ಎರಡರಷ್ಟಕ್ಕೆ, 340ರಲ್ಲಿ, ಮತ್ತೊಂದು. 170 ಎಂಬುದು 47.5ರ ಮಗ್ಗಿಯಲ್ಲಿ ಬರುವುದಿಲ್ಲ. ಕರೆಂಟಿನ 50, 100ರ ಲೆಕ್ಕಕ್ಕೂ ಸೇರುವುದಿಲ್ಲ. ಆ ಮೋಟಾರಿನಲ್ಲಿರುವುದು 6205 ಬೇರಿಂಗ್, ಒಂಬತ್ತು ಗುಂಡಿನದು, ಹಿಟ್ಟಿನ ಗಿರಣಿಯಿಂದ ಹಿಡಿದು ಬೇಕರಿಯ ಮಿಕ್ಸರಿನ ತನಕ ಎಲ್ಲ ಕಡೆ ಸಿಗುವಂಥದ್ದು. ಶಾಫ್ಟು ಒಂದು ಸುತ್ತು ಬರುವಷ್ಟರಲ್ಲಿ ಅದರ ಹೊರಬಳೆಯ ಒಂದು ಜಾಗದ ಮೇಲೆ 3.585 ಗುಂಡು ಹಾಯುತ್ತವೆ. 47.5ರಿಂದ ಗುಣಿಸಿದರೆ 170. ಹೊರಬಳೆ ಸಿಡಿದಿದೆ.

ಒಂದು ಬೇರಿಂಗ್ ಒಮ್ಮೆಲೇ ಸಾಯುವುದು ಅಪರೂಪ. ಮೊದಲು ಲೋಹದ ಒಳಗೆ ಕೂದಲೆಳೆಯ ಬಿರುಕು. ಆಗಿನ ಏಟುಗಳು ಎಷ್ಟು ಸಣ್ಣವೆಂದರೆ ಬೇರಿಂಗಿನ ಕವಚ ಸಾವಿರಾರು ಹರ್ಟ್ಸ್‌ನಲ್ಲಿ ಝೇಂಕರಿಸುತ್ತದೆಯೇ ಹೊರತು ಮೋಟಾರು ಅಲುಗುವುದಿಲ್ಲ. ಆ ಝೇಂಕಾರವನ್ನು ಸೋಸಿ ಹಿಡಿಯುವ ಉಪಾಯವೂ ನಮ್ಮ ಮೀಟರುಗಳಲ್ಲಿದೆ. ಅಲ್ಲಿಂದ ಮೇಲೆ ನಮ್ಮ 170ರಂಥ ಗೆರೆ ಏಳುತ್ತದೆ. ಆಮೇಲೆ ಆ ಗೆರೆಯ ಆಚೀಚೆ ಮರಿ ಗೆರೆಗಳು. ಕಿವಿಗೆ ಕೇಳುವುದು, ಕೈಗೆ ಬಿಸಿ ತಾಗುವುದು, ಗ್ರೀಸು ಕಪ್ಪಾಗುವುದೆಲ್ಲ ಇದರ ನಂತರ. ಮೊದಲ ಸುಳಿವಿನಿಂದ ಕೊನೆಯ ತನಕ ಸಾಮಾನ್ಯವಾಗಿ ವಾರಗಳು, ಎಷ್ಟೋ ಸಲ ತಿಂಗಳುಗಳು ಇರುತ್ತವೆ. ಆ ಅವಧಿಯಲ್ಲೇ ಬೇರಿಂಗ್ ತರಿಸಿ, ನೀರು ಬೇಡದ ಒಂದು ಮಧ್ಯಾಹ್ನ ನೋಡಿ, ಬದಲಿಸಬಹುದು. ನಮ್ಮ ಪಂಪಿಗೆ ಹಾಗೇ ಮಾಡಿಸಿದೆವು. ಹಳೆ ಬೇರಿಂಗನ್ನು ಕೊಯ್ದು ಹುಡುಗನಿಗೆ ತೋರಿಸಿದೆ. ಹೊರಬಳೆಯ ದಾರಿಯಲ್ಲಿ ಉಗುರಿಗೆ ಸಿಕ್ಕುವಷ್ಟು ಒಂದು ಕಿತ್ತ ಜಾಗ. ‘ಇದಕ್ಕಾ ಸರ್ರ ಅಷ್ಟು ಒದರತಿತ್ತು?’ ಎಂದ.

ಅಳೆಯುವ ಸಾಧನದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಹೆಬ್ಬೆರಳಿನ ಗಾತ್ರದ ಸೆನ್ಸರ್, ಅದರೊಳಗೆ ಒತ್ತಿದರೆ ವಿದ್ಯುತ್ ಹುಟ್ಟುವ ಹರಳು. ಅಂಥ ಹರಳಿನ ಗುಣವನ್ನು ಕ್ಯೂರಿ ಸೋದರರು ಕಂಡದ್ದು 1880ರಲ್ಲಿ. ಅಡಿಯಲ್ಲಿ ಅಯಸ್ಕಾಂತ ಇರುತ್ತದೆ, ಮೋಟಾರಿಗೆ ಟಕ್ ಎಂದು ಕಚ್ಚಿಕೊಳ್ಳುತ್ತದೆ. ಕಲಸುಮೇಲೋಗರವಾದ ಅಲುಗಾಟವನ್ನು ಬೇರೆ ಬೇರೆ ಗೆರೆಗಳಾಗಿ ಬಿಡಿಸುವ ಗಣಿತ ಹಳೆಯದೇ. ಅದನ್ನು ಕಂಪ್ಯೂಟರು ಚಿಟಿಕೆ ಹೊಡೆಯುವುದರೊಳಗೆ ಮಾಡುವಂತೆ ಮಾಡಿದ ಕೂಲಿ–ಟ್ಯೂಕಿ ವಿಧಾನ 1965ರದು. ಎಷ್ಟು ಅಲುಗಾಟ ಎಷ್ಟು ಕೆಟ್ಟದ್ದು ಎಂದು ಮೊದಲು ಪಟ್ಟಿ ಹಾಕಿದ್ದು ಮಾತ್ರ ಒಬ್ಬ ಇನ್ಶೂರೆನ್ಸ್ ಕಂಪನಿಯ ಇಂಜಿನಿಯರ್: ನ್ಯೂಯಾರ್ಕಿನ ಟಿ.ಸಿ. ರ‍್ಯಾತ್‌ಬೋನ್, 1939ರಲ್ಲಿ. ಟರ್ಬೈನ್ ಒಡೆದರೆ ದುಡ್ಡು ಕೊಡಬೇಕಾದವರಿಗೆ ಇರುವಷ್ಟು ಆಸಕ್ತಿ ಇನ್ಯಾರಿಗಿರುತ್ತದೆ ಹೇಳಿ!

ಸಾಧನಕ್ಕಿಂತ ಶಿಸ್ತು ಮುಖ್ಯ. ಹೋದ ತಿಂಗಳು ಎಲ್ಲಿ ಇಟ್ಟಿದ್ದೆವೋ ಅಲ್ಲೇ ಇಡಬೇಕು. ಅದಕ್ಕೆ ಮೋಟಾರಿನ ಮೇಲೆ ಬಿಳಿ ಪೇಂಟಿನಲ್ಲಿ ಚುಕ್ಕೆ ಇಡುತ್ತೇವೆ. ಅಡ್ಡ, ಉದ್ದ, ಶಾಫ್ಟಿನ ದಿಕ್ಕು, ಮೂರೂ ಕಡೆ. ಲೋಡು ಒಂದೇ ಇರಬೇಕು. ವಾಲ್ವ್ ಮುಚ್ಚಿ ಓಡುವ ಪಂಪಿನ ರೀಡಿಂಗಿಗೂ ತೆರೆದು ಓಡುವ ಪಂಪಿನ ರೀಡಿಂಗಿಗೂ ಹೋಲಿಕೆಯೇ ಇಲ್ಲ. ಬಣ್ಣ ಬಳಿಯುವವರು ಆಯುಧಪೂಜೆಗೆ ನನ್ನ ಚುಕ್ಕೆಗಳನ್ನೆಲ್ಲ ಮುಚ್ಚಿಹಾಕುತ್ತಾರೆ, ಆ ಸಿಟ್ಟು ನನಗೆ ಪ್ರತಿ ವರ್ಷದ್ದು.

ಬೇರಿಂಗ್ ಕೆಡುವುದು ಅದರ ಹಣೆಬರಹ ಎಂದುಕೊಳ್ಳುವವರೇ ಹೆಚ್ಚು. ಅದನ್ನು ಕೊಲ್ಲುವವರು ಬೇರೆ ಇರುತ್ತಾರೆ. ಹೊಸಕೋಟೆ ದಾರಿಯ ಒಂದು ಕಾರ್ಖಾನೆಯಲ್ಲಿ ಬಾಯ್ಲರಿನ ಹೊಗೆ ಎಳೆಯುವ ದೊಡ್ಡ ಫ್ಯಾನಿಗೆ ಬೇರಿಂಗ್ ಹಾಕಿ ಹಾಕಿ ಸುಸ್ತಾಗಿದ್ದರು. ಕಂಪನಿ ಬದಲಿಸಿದರು, ವಿದೇಶದ ಬೇರಿಂಗ್ ತರಿಸಿದರು, ಫಿಟ್ಟರನ್ನೂ ಬದಲಿಸಿದರು. ನಾನು ನೋಡಿದಾಗ ಎದ್ದು ಕಂಡ ಗೆರೆ ಶಾಫ್ಟಿನ ಸುತ್ತಿಗೆ ಸರಿಯಾಗಿ ಒಂದು, ಸೆಕೆಂಡಿಗೆ 24. ಬ್ಯಾಲೆನ್ಸ್ ತಪ್ಪಿದೆ ಎನ್ನುವುದಕ್ಕೆ ಅದೇ ಗುರುತು. ಫ್ಯಾನಿನ ಬಾಗಿಲು ತೆಗೆಸಿದರೆ ಅಲುಗುಗಳ ಬೆನ್ನಿಗೆ ಬೂದಿ ಹಕ್ಕಳೆಯಾಗಿ ಅಂಟಿತ್ತು, ಒಂದು ಕಡೆ ಉದುರಿಹೋಗಿತ್ತು. ಮಾಲೀಕರು ನಕ್ಕರು, ‘ಈ ಬೂದಿಗೆ ಇಷ್ಟು ದೊಡ್ಡ ಫ್ಯಾನ್ ಅಲ್ಲಾಡುತ್ತಾ?’ ಕಾಗದ ತೆಗೆದು ಲೆಕ್ಕ ತೋರಿಸಿದೆ. ಅರ್ಧ ಮೀಟರ್ ಆಚೆ ಬರೀ 10 ಗ್ರಾಂ ಹೆಚ್ಚಿದ್ದು ನಿಮಿಷಕ್ಕೆ 1440 ಸುತ್ತು ತಿರುಗಿದರೆ ಶಾಫ್ಟನ್ನು ಸುಮಾರು 11.5 ಕಿಲೋ ಭಾರದಷ್ಟು ಜಗ್ಗುತ್ತದೆ. ಆ ಜಗ್ಗಾಟ ಸೆಕೆಂಡಿಗೆ 24 ಸಲ ದಿಕ್ಕು ತಿರುಗುತ್ತದೆ, ರಾತ್ರಿ ಹಗಲು. ಸ್ಪೀಡು ಎರಡರಷ್ಟಾದರೆ ಜಗ್ಗಾಟ ನಾಲ್ಕರಷ್ಟು. ಅಲ್ಲಿ ಇದ್ದದ್ದು 10 ಗ್ರಾಂ ಅಲ್ಲ, ಮುಷ್ಟಿಗಟ್ಟಲೆ.

ಬೂದಿ ಕೆರೆದು ತೆಗೆದ ಮೇಲೆ ವೈಬ್ರೇಶನ್ ಇಳಿಯಿತು, ಆದರೆ ಇಳಿಯಬೇಕಾದಷ್ಟು ಇಳಿಯಲಿಲ್ಲ. ಮೋಟಾರಿನ ನಾಲ್ಕು ಪಾದಗಳಲ್ಲಿ ಒಂದೊಂದಾಗಿ ಬೋಲ್ಟ್ ಸಡಿಲಿಸುತ್ತ ಮೀಟರ್ ನೋಡಿದೆ. ಮೂರು ಪಾದಕ್ಕೆ ಮುಳ್ಳು ಅಲುಗಲಿಲ್ಲ. ನಾಲ್ಕನೆಯದನ್ನು ಸಡಿಲಿಸಿದ ಕೂಡಲೇ ವೈಬ್ರೇಶನ್ ಅರ್ಧಕ್ಕೆ ಬಿತ್ತು! ಬಿಗಿ ಮಾಡಿದರೆ ಹೆಚ್ಚು, ಸಡಿಲ ಬಿಟ್ಟರೆ ಕಡಿಮೆ. ಆ ಪಾದದ ಕೆಳಗೆ ಕಾಗದದ ದಪ್ಪದ ಸಂದಿ ಇತ್ತು. ಬೋಲ್ಟ್ ಬಿಗಿದಾಗಲೆಲ್ಲ ಮೋಟಾರಿನ ಮೈಯೇ ತಿರುಚಿಕೊಂಡು ಶಾಫ್ಟನ್ನು ಓರೆ ಮಾಡುತ್ತಿತ್ತು. ಅಲ್ಲಿಗೆ ಒಂದು ತೆಳು ತಗಡಿನ ಶಿಮ್ ಹಾಕಿದ್ದು, ಅಷ್ಟೇ ರಿಪೇರಿ. ವಿದೇಶದ ಬೇರಿಂಗುಗಳು ಸತ್ತದ್ದು ಆ ಬೂದಿಗೆ ಮತ್ತು ಆ ಸಂದಿಗೆ.

ಇಂಥದ್ದನ್ನು ಓದುವ ಸಾಮಾನ್ಯರಿಗೆ, ನಮಗೇನು ಸಂಬಂಧ ಅನ್ನಿಸಬಹುದು. ನಮ್ಮ ಬೀದಿಯ ನಲ್ಲಿಯನ್ನೇ ತೆಗೆದುಕೊಳ್ಳಿ. ಕಾವೇರಿ ನೀರು ಬೆಂಗಳೂರಿಗೆ ತಾನಾಗಿ ಹರಿದು ಬರುವುದಿಲ್ಲ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಪಂಪುಗಳು ಒಂದರಿಂದ ಒಂದಕ್ಕೆ ಕೈದಾಟಿಸಿ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಏರಿಸುತ್ತವೆ. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಐದನೇ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರಿನದು. ‘ಪಂಪಿಂಗ್ ಸ್ಟೇಶನ್ನಿನಲ್ಲಿ ದುರಸ್ತಿ, ನಾಳೆ ನೀರಿಲ್ಲ’ ಎಂದು ಪೇಪರಿನಲ್ಲಿ ಬಂದರೆ ಟ್ಯಾಂಕರಿಗೆ ಫೋನು ಮಾಡಲು ನಮಗೆ ಒಂದು ರಾತ್ರಿ ಸಿಗುತ್ತದೆ. ಮುನ್ಸೂಚನೆ ಇಲ್ಲದೆ ನಿಂತರೆ ಅದೂ ಇಲ್ಲ. ದೊಡ್ಡ ಪಂಪಿನ ಬೇರಿಂಗ್ ಬಗ್ಗೆ ಮೊದಲೇ ತಿಳಿಯುವುದು ಎಂದರೆ, ನಮ್ಮ ಮಟ್ಟಿಗೆ ಆ ಒಂದು ರಾತ್ರಿ.

ಇನ್ನೂ ದೊಡ್ಡದನ್ನು ನೋಡಬೇಕೆಂದರೆ ಕೈಗಾ. ಅಲ್ಲಿನ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರ ತನಕ, 962 ದಿನ, ನಿಲ್ಲದೆ ಓಡಿತು. ಆಗ ಅದು ವಿಶ್ವದಾಖಲೆ; ಇಂಗ್ಲೆಂಡಿನ ಹೇಶಮ್ ಸ್ಥಾವರದ 940 ದಿನಗಳ ದಾಖಲೆಯನ್ನು ಮುರಿದದ್ದು. ಪತ್ರಿಕೆಗಳು ರಿಯಾಕ್ಟರಿನ ಬಗ್ಗೆ ಬರೆದವು. ನನ್ನಂಥವರ ತಲೆ ಓಡಿದ್ದು ಪಕ್ಕದ ಕಟ್ಟಡದ ಟರ್ಬೈನಿನ ಕಡೆ. ನಿಮಿಷಕ್ಕೆ 3000 ಸುತ್ತಿನಂತೆ 962 ದಿನಕ್ಕೆ ಸುಮಾರು 415 ಕೋಟಿ ಸುತ್ತು, ಒಂದು ಸಲವೂ ಮುಚ್ಚಳ ತೆಗೆದು ನೋಡದೆ. ಇಂಥ ಟರ್ಬೈನಿಗೆ ಗುಂಡಿನ ಬೇರಿಂಗ್ ಇರುವುದಿಲ್ಲ. ಟನ್‌ಗಟ್ಟಲೆ ತೂಕದ ಶಾಫ್ಟು ಕೂದಲಿನಷ್ಟು ದಪ್ಪದ ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತದೆ. ಶಾಫ್ಟಿಗೆ ತಾಗದಂತೆ ಪಕ್ಕದಲ್ಲಿ ನಿಂತು ಅದು ಎಷ್ಟು ಮೈಕ್ರಾನ್ ಅತ್ತಿತ್ತ ಓಲಾಡಿತು ಎಂದು ಅಳೆಯುವ ಕಡ್ಡಿಯಂಥ ಸೆನ್ಸರುಗಳು ದೊಡ್ಡ ಟರ್ಬೈನುಗಳ ಬೇರಿಂಗಿನಲ್ಲಿ ಸದಾ ಇರುತ್ತವೆ. ಮಿತಿ ಮೀರಿದರೆ ಯಾರನ್ನೂ ಕೇಳದೆ ಯಂತ್ರವನ್ನು ನಿಲ್ಲಿಸುವ ಅಧಿಕಾರವನ್ನೂ ಅವಕ್ಕೆ ಕೊಟ್ಟಿರಬಹುದು.

ಅಣುಸ್ಥಾವರದಲ್ಲಿ ಟರ್ಬೈನ್ ಅಲುಗಿದರೆ ಏನಾಗುತ್ತದೆ ಎಂದು ನಮ್ಮ ದೇಶ ಒಮ್ಮೆ ನೋಡಿದೆ. 1993ರ ಮಾರ್ಚ್ 31ರ ಬೆಳಗಿನ ಜಾವ ಉತ್ತರಪ್ರದೇಶದ ನರೋರಾದ ಮೊದಲ ಘಟಕದಲ್ಲಿ ಟರ್ಬೈನಿನ ಕೊನೆಯ ಸಾಲಿನ ಎರಡು ಅಲುಗುಗಳು ದಣಿವಿನಿಂದ ಮುರಿದುಬಿದ್ದವು. ಲೋಹಕ್ಕೂ ದಣಿವಾಗುತ್ತದೆ, ಕೋಟಿಗಟ್ಟಲೆ ಸಲ ಬಾಗಿ ಬಾಗಿ. ಬ್ಯಾಲೆನ್ಸ್ ತಪ್ಪಿದ ಯಂತ್ರ ಕುಣಿದ ರಭಸಕ್ಕೆ ಜನರೇಟರನ್ನು ತಣ್ಣಗಿಡುವ ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು, ಕೇಬಲ್‌ಗಳು ಸುಟ್ಟು ಸ್ಥಾವರಕ್ಕೇ ಕರೆಂಟ್ ಹೋಯಿತು. ಸಿಬ್ಬಂದಿ ರಿಯಾಕ್ಟರನ್ನು ಸುರಕ್ಷಿತವಾಗಿ ನಿಲ್ಲಿಸಿದರು, ಯಾರೂ ಸಾಯಲಿಲ್ಲ. ಇಲ್ಲಿ ನನ್ನ ವಿದ್ಯೆಯ ಮಿತಿಯನ್ನೂ ಹೇಳಬೇಕು. ಅಲುಗಿನ ಬುಡದಲ್ಲಿ ಬೆಳೆಯುತ್ತಿರುವ ಬಿರುಕು ಬೇರಿಂಗಿನ ಮೇಲಿರುವ ಸೆನ್ಸರಿಗೆ ಮುಂಚಿತವಾಗಿ ಕಾಣಿಸಿಕೊಳ್ಳುತ್ತದೆ ಎನ್ನುವಂತಿಲ್ಲ; ಎಷ್ಟೋ ಸಲ ಮುರಿದ ಮೇಲೆಯೇ ಗೊತ್ತಾಗುವುದು. ಮೋಟಾರಿನ ವೈಂಡಿಂಗ್ ಸುಟ್ಟುಹೋಗುವುದನ್ನೂ ನಾವು ಹೇಳಲಾರೆವು. ನಿಮಿಷಕ್ಕೆ ಒಂದೆರಡು ಸುತ್ತು ತಿರುಗುವ ನಿಧಾನದ ಯಂತ್ರಗಳಲ್ಲಿ ನಮ್ಮ ಮಾಮೂಲು ಮೀಟರು ಕುರುಡು.

ಈಗ ಬ್ಯಾಗು ಹೊತ್ತು ತಿರುಗುವವರ ಕಾಲ ಮುಗಿಯಿತು ಎನ್ನುತ್ತಾರೆ. ಬೆಂಕಿಪೊಟ್ಟಣದಷ್ಟು ವೈರ್‌ಲೆಸ್ ಸೆನ್ಸರುಗಳನ್ನು ಮೋಟಾರಿಗೆ ಅಂಟಿಸಿ, ಗಂಟೆಗೊಮ್ಮೆ ಮೊಬೈಲಿಗೆ ರೀಡಿಂಗ್ ಕಳಿಸುವ ಕಂಪನಿಗಳು ನಮ್ಮ ಇಂದಿರಾನಗರ, ಕೋರಮಂಗಲದ ಕಡೆ ಆಫೀಸು ಮಾಡಿಕೊಂಡಿವೆ. ಹುಡುಗರು ಬುದ್ಧಿವಂತರು, ನನಗೆ ಅಸೂಯೆಯೂ ಇಲ್ಲ. ಜನ ಕಾಲಿಡಲಾಗದ ಜಾಗದಲ್ಲಿರುವ ಮೋಟಾರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಎಲ್ಲದಕ್ಕೂ ಅಂಟಿಸಿದ ಕಾರ್ಖಾನೆಗಳಲ್ಲಿ ಮೊಬೈಲಿಗೆ ದಿನವಿಡೀ ಕೆಂಪು ಅಲಾರಂ ಬಂದು ಬಂದು, ಕೊನೆಗೆ ಆ ಗ್ರೂಪನ್ನೇ ಮ್ಯೂಟ್ ಮಾಡಿರುವುದನ್ನು ನೋಡಿದ್ದೇನೆ. ಇನ್ನು ಕೆಲವರು ತಮ್ಮ ಫೋನನ್ನೇ ಮೋಟಾರಿನ ಮೇಲಿಟ್ಟು ಆ್ಯಪ್‌ನಲ್ಲಿ ನೋಡುತ್ತಾರೆ. ಫ್ಯಾನಿನ ಬ್ಯಾಲೆನ್ಸ್ ತಪ್ಪಿದ್ದು ಅದರಲ್ಲಿ ತಕ್ಕಮಟ್ಟಿಗೆ ತಿಳಿಯುತ್ತದೆ. ಫೋನಿನೊಳಗಿನ ಸೆನ್ಸರು ಸೆಕೆಂಡಿಗೆ ಕೆಲವು ನೂರು ಸಲ ಮಾತ್ರ ಎಣಿಸುವಂಥದ್ದಾದ್ದರಿಂದ ಬೇರಿಂಗಿನ ಮೊದಲ ಸುಳಿವು ಅದರ ಕೈಗೆ ಸಿಗುವುದಿಲ್ಲ.

ರಿಪೋರ್ಟು ಸರಿಯಿದ್ದೂ ಪ್ರಯೋಜನವಾಗದ ಕಡೆಗಳೇ ನನಗೆ ಹೆಚ್ಚು ಬೇಸರ ತರುವುದು. ಒಂದು ಕಡೆ ಗೇರ್‌ಬಾಕ್ಸಿನ ಹಲ್ಲು ಬಿರುಕು ಬಿಟ್ಟಿದೆ ಎಂದು ಬರೆದುಕೊಟ್ಟೆ. ಹಲ್ಲುಗಳ ಸಂಖ್ಯೆಯನ್ನು ಸುತ್ತಿನಿಂದ ಗುಣಿಸಿದ ಕಡೆ ಗೆರೆ, ಅದರ ಎರಡೂ ಬದಿಗೆ ಒಂದೊಂದು ಸುತ್ತಿನ ಅಂತರದಲ್ಲಿ ಮರಿ ಗೆರೆಗಳ ಸಾಲು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಮೇಂಟೆನೆನ್ಸ್ ಮ್ಯಾನೇಜರು ಒಪ್ಪಿದರು. ಪ್ರೊಡಕ್ಷನ್ನಿನವರು ‘ಆರ್ಡರ್ ಮುಗೀಲಿ, ಆಮೇಲೆ ನೋಡೋಣ’ ಎಂದರು. ಪರ್ಚೇಸಿನವರು ಮೂರು ಕೊಟೇಶನ್ ಕೇಳಿದರು. ಎರಡನೇ ಕೊಟೇಶನ್ ಬರುವಷ್ಟರಲ್ಲಿ, ರಾತ್ರಿ ಪಾಳಿಯಲ್ಲಿ, ಗೇರ್‌ಬಾಕ್ಸ್ ಕೂತುಬಿಟ್ಟಿತು. ‘ಇಷ್ಟು ದುಡ್ಡು ಕೊಟ್ಟು ವೈಬ್ರೇಶನ್ ಮಾಡಿಸಿಯೂ ಬ್ರೇಕ್‌ಡೌನ್ ಆಯ್ತಲ್ಲ’ ಎಂದು ಮೀಟಿಂಗಿನಲ್ಲಿ ಮಾತು ಬಂತಂತೆ.

ಎಲ್ಲ ಮೆಷಿನ್ನಿಗೂ ಇದು ಬೇಕೇ ಎಂದರೆ ಬೇಡ. ನಮ್ಮ ಅಪಾರ್ಟ್‌ಮೆಂಟಿನ 3 ಎಚ್.ಪಿ. ಪಂಪಿಗೆ ಸೆನ್ಸರ್ ಹಾಕಿಸಿ ಎಂದು ಯಾರಾದರೂ ಹೇಳಿದರೆ ಬಾಗಿಲಲ್ಲೇ ಕಳಿಸಿ. 6205 ಬೇರಿಂಗಿಗೆ ಕೆಲವು ನೂರು ರೂಪಾಯಿ, ಪಕ್ಕದಲ್ಲಿ ಇನ್ನೊಂದು ಪಂಪಿದೆ. ಕೆಟ್ಟ ಮೇಲೆ ನೋಡಿಕೊಂಡರೂ ಆಕಾಶ ಬೀಳುವುದಿಲ್ಲ. ನಾನು ನೋಡಿದ್ದು ಹುಡುಗನ ಮಾತಿಗೆ ಮತ್ತು ನನ್ನ ಚಟಕ್ಕೆ. ಬದಲಿ ಇಲ್ಲದ ಯಂತ್ರ, ನಿಂತರೆ ಇಡೀ ಸಾಲು ನಿಲ್ಲುವ ಯಂತ್ರ, ಒಡೆದರೆ ಜನರಿಗೆ ಏಟಾಗುವ ಯಂತ್ರ, ಇವಕ್ಕೆ ಖರ್ಚು ಮಾಡಿ.

ನಮ್ಮ ಅಸೋಸಿಯೇಶನ್ನಿನ ಸೆಕ್ರೆಟರಿ ಮೇಡಂ ಮೊನ್ನೆ ಒಂದು ಕಾಗದ ತಂದರು. ಪಂಪು ರಿಪೇರಿಯವರ ವಾರ್ಷಿಕ ಒಪ್ಪಂದ: ವರ್ಷಕ್ಕೊಮ್ಮೆ ಎರಡೂ ಪಂಪನ್ನು ಪೂರ್ತಿ ಬಿಚ್ಚಿ, ಬೇರಿಂಗ್, ಸೀಲು, ಇಂಪೆಲ್ಲರ್ ನೋಡಿ, ಹೊಸದಾಗಿ ಜೋಡಿಸಿಕೊಡುತ್ತಾರೆ. ‘ಒಳ್ಳೇದಲ್ವಾ ಅಂಕಲ್, ಪ್ರಿವೆಂಟಿವ್ ಮೇಂಟೆನೆನ್ಸ್?’ ಎಂದರು. ಸರಿಯಿರುವುದನ್ನು ಬಿಚ್ಚುವುದು ಬೇಡ ಎಂದು ವಿಮಾನದ ಕಥೆಯನ್ನೆಲ್ಲ ಹೇಳಿದೆ. ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಪಕ್ಕದ ಬಿಲ್ಡಿಂಗಿನಲ್ಲಿ ಮಾಡಿಸುತ್ತಾರಂತೆ. ಜಗ್ಗಾಡಿ ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ತಿಂಗಳಿಗೊಮ್ಮೆ ಹುಡುಗ ಬಿಳಿ ಚುಕ್ಕೆಯ ಮೇಲೆ ನನ್ನ ಹಳೆ ಮೀಟರ್ ಇಟ್ಟು ರಿಜಿಸ್ಟರಿನಲ್ಲಿ ಅಂಕಿ ಬರೆಯುತ್ತಾನೆ. ಅಂಕಿ ಹಿಂದಿನದರ ಎರಡರಷ್ಟಾದರೆ, ಇಲ್ಲವೇ ಅವನ ಕಿವಿಗೆ ‘ಬ್ಯಾರೆ ನಮೂನಿ’ ಕೇಳಿದರೆ, ಆ ಪಂಪನ್ನು ಮಾತ್ರ ಬಿಚ್ಚುವುದು. ರಿಪೇರಿಯವರು ಈ ಷರತ್ತಿಗೆ ಇನ್ನೂ ಸಹಿ ಹಾಕಿಲ್ಲ, ರೇಟು ಹೇಗೆ ಹಾಕಬೇಕೋ ತಿಳಿಯುತ್ತಿಲ್ಲವಂತೆ.